ಈ ಕಡೆ ಬಾರದ ಮೂರು ಮೇಲ್‌ಗಳು

ಸುರಪುರ
8 ಜೂನ್ 2025, ಭಾನುವಾರ

ಪ್ರೀತಿಯ ದೇವಿಂದ್ರ,

ನೋಡಿ, ಹೆಸರು ಬರೆದೇಬಿಟ್ಟೆ. ಬಾಯಲ್ಲಿ ಅಂದರೆ ಅತ್ತೆ "ಗಂಡನ ಹೆಸರ ಹಿಡದು ಕರಿತಿ, ನಾಲಿಗಿ ಭಾಳ ಉದ್ದ ಅದ ನಿಂದು" ಅನ್ನುತ್ತಾರೆ. ಕಾಗದದ ಮೇಲೆ ಅವರಿಗೆ ಕೇಳಿಸುವುದಿಲ್ಲವಲ್ಲ. ಹೇಗಿದ್ದೀರಿ? ಬಸ್ಸಿನಲ್ಲಿ ಹಿಡಿದ ಕೆಮ್ಮು ಹೋಯಿತೇ? ಹೈದರಾಬಾದಿನ ಹಾಸ್ಟೆಲ್ ಊಟ ಹಿಡಿಸಿತೇ? ನಾನು ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಉಳಿದಿದೆಯೋ, ಇಲ್ಲ ರೂಮಿನವರೆಲ್ಲ ಸೇರಿ ಮೊದಲ ದಿನವೇ ಮುಗಿಸಿದಿರೋ? ಮದುವೆಯಾಗಿ ನಲವತ್ತೆರಡು ದಿನ, ಅದರಲ್ಲಿ ನೀವಿಲ್ಲದ ದಿನ ಒಂಬತ್ತು. ಈ ಒಂಬತ್ತೇ ಹೆಚ್ಚು ಉದ್ದ. ಯಾದಗಿರಿಯಲ್ಲಿ ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ಓದಿದವಳು ನೀವು ಕೇಳಿದಿರೆಂದು ಮೊದಲ ಪತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒತ್ತಕ್ಷರ ತಪ್ಪಿದ್ದರೆ ನಗದೆ ತಿದ್ದಿಕೊಳ್ಳಿ. ಅಲ್ಲಿ ಟ್ರೇನಿಂಗಿನವರು ನಿಮಗೆ ಫೋನ್ ಕೊಡುವುದೇ ಸಂಜೆ ಹತ್ತು ನಿಮಿಷ. ಆ ಹತ್ತು ನಿಮಿಷವೂ ಇಲ್ಲಿ ಅತ್ತೆ ನನ್ನ ಭುಜಕ್ಕೆ ಭುಜ ಹಚ್ಚಿ ಕೂತಿರುತ್ತಾರೆ. ಇದನ್ನು ಫೋನಿನಲ್ಲಿ ಹೇಳಲಾರೆ.

ನಮ್ಮ ಅಪ್ಪ ಕೊಟ್ಟ ಹೊಸ ಕಂಪ್ಯೂಟರ್ ಕಿಟಕಿಯ ಪಕ್ಕದಲ್ಲಿ ಮದುಮಗಳ ಹಾಗೆ ಕೂತಿದೆ. ಅತ್ತೆ ಅದಕ್ಕೂ ಕುಂಕುಮ ಹಚ್ಚಿ, ನನಗೆ ಉಡಿ ತುಂಬಿದ ಕುಪ್ಪಸದ ಬಟ್ಟೆಯನ್ನೇ ಹೊದಿಸಿದ್ದಾರೆ. ಬಿಸಿಯಾಗುತ್ತದೆ ಅಂದರೆ, "ನೀ ಸೆರಗ ಹೊತ್ಕೊಂಡು ಒಲಿ ಮುಂದ ಕುಂದ್ರಂಗಿಲ್ಲೇನು? ಅದಕ್ಕೇನ ಧಾಡಿ?" ಅಂದರು. ಪಕ್ಕದಲ್ಲಿ ಅರ್ಜುನ ಭಾವನ ಹಳೆಯ ಕಂಪ್ಯೂಟರ್. ಮಂಗಳವಾರ ಬಜಾರದ ಅಂಗಡಿಯಿಂದ ಯೂನುಸ ಭಾಯ್ ಬಂದು ಒಯ್ದು, ಒಳಗಿರುವುದನ್ನೆಲ್ಲ ಅಳಿಸುತ್ತಾರೆ. ನಿಮ್ಮಣ್ಣನನ್ನು ನಾನು ನೋಡಲೇ ಇಲ್ಲ. ಅವರು ಕಡೇಚೂರಿನ ಫ್ಯಾಕ್ಟರಿಯಲ್ಲಿ ತೀರಿಹೋದ ಏಳು ತಿಂಗಳಿಗೆ, ವರ್ಷ ತುಂಬುವುದರೊಳಗೆ ಮನೆಯಲ್ಲೊಂದು ಶುಭಕಾರ್ಯ ಆಗಲೇಬೇಕೆಂದು ನಮ್ಮ ಮದುವೆ ಮಾಡಿದರು. ಅವರ ಸಾವು ನನಗೆ ನಿಮ್ಮನ್ನು ಕೊಟ್ಟಿತು, ನಿಮಗೆ ಅವರ ಕೆಲಸವನ್ನು ಕೊಟ್ಟಿತು. ಈ ಮನೆಯಲ್ಲಿ ಜೋರಾಗಿ ನಕ್ಕಾಗಲೆಲ್ಲ ಅದು ನೆನಪಾಗುತ್ತದೆ.

ಹೋಗುವಾಗ ನೀವು ಕೊಟ್ಟ ಚೀಟಿಯಂತೆಯೇ ಮಾಡಿದೆ. ಭಾವ ತಮಗೆ ಬಂದ, ತಾವು ಕಳಿಸಿದ ಮೇಲ್‌ಗಳನ್ನೆಲ್ಲ ಇಳಿಸಿಕೊಂಡು ಇಂಟರ್ನೆಟ್ಟಿನಿಂದ ತೆಗೆದುಬಿಡುತ್ತಿದ್ದರು, ಆ ಹಳೆಯ ಕಂಪ್ಯೂಟರ್ ಬಿಟ್ಟರೆ ಅವು ಎಲ್ಲೂ ಇಲ್ಲ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಎಷ್ಟು ಜೋಪಾನ ಮಾಡಿದೆ ಗೊತ್ತೇ? ಅವ್ವ, ಮನೆ, ಫೋಟೋ, ದೇವಿಂದ್ರ, ಈ ನಾಲ್ಕು ಫೋಲ್ಡರ್ ಮಾತ್ರ. "ಫ್ಯಾಕ್ಟರಿ ಬೇಡ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಸತ್ತವನ ಸಂಕಟ ಹೊಸದರಲ್ಲಿ ಯಾಕೆ ಅಂದಿರಿ, ನನಗೂ ಸರಿ ಅನಿಸಿತು. ಒಂದೊಂದೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಹೊಸದರಲ್ಲಿ ತೆರೆದು, ಆ ಕಡೆ ಎಷ್ಟಿತ್ತು ಈ ಕಡೆ ಎಷ್ಟು ಬಂತು ಎಂದು ತಾಳೆ ನೋಡಿದೆ. ಅವ್ವ ಮೂವತ್ತೊಂದು, ಪೂರ್ತಿ ಬಂತು. ಓದು ಬಾರದ ತಾಯಿಯ ಹೆಸರಿನಲ್ಲಿ ಒಂದು ಫೋಲ್ಡರ್, ಅದರ ತುಂಬ ಅವರ ಸಕ್ಕರೆ ಕಾಯಿಲೆಯ ರಿಪೋರ್ಟುಗಳು. ಫೋಟೋದಲ್ಲಿ ಮೀಸೆ ಬಾರದ ನಿಮ್ಮನ್ನು ನೋಡಿ ಒಬ್ಬಳೇ ನಕ್ಕೆ. ದೇವಿಂದ್ರ ಆ ಕಡೆ ಇನ್ನೂರ ಹದಿನಾಲ್ಕು, ಈ ಕಡೆ ಇನ್ನೂರ ಹನ್ನೊಂದು. ಮೂರು ಸಲ ಮಾಡಿದರೂ ಅಷ್ಟೇ.

ಬಾರದ ಆ ಮೂರು ಯಾವುವು ಎಂದು ಹುಡುಕಿದೆ. ಮೂರಕ್ಕೂ ದೊಡ್ಡ ದೊಡ್ಡ ವಿಡಿಯೋ ಅಂಟಿಕೊಂಡಿದ್ದವು, ಆ ಭಾರಕ್ಕೇ ನಿಂತಿದ್ದವು. ಭಾವ ವಿಷಯ ನೋಡಿ ಜೋಡಿಸುತ್ತಿರಲಿಲ್ಲ, ಮನುಷ್ಯರನ್ನು ನೋಡಿ ಜೋಡಿಸುತ್ತಿದ್ದರು. ನಿಮಗೆ ಬರೆದದ್ದೆಲ್ಲ, ಫ್ಯಾಕ್ಟರಿಯದಾದರೂ, ನಿಮ್ಮ ಹೆಸರಿನಲ್ಲೇ ಇತ್ತು. ಚೀಟಿ ಬರೆಯುವಾಗ ನಿಮಗೆ ಅದು ಹೊಳೆಯಲಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮಾತು, ಓದಲು ತಡವಾಯಿತು. ಆಗಸ್ಟ್ ಎರಡನೇ ತಾರೀಖಿನದು: "ತಮ್ಮಾ, ನಾಕನೇ ಶೆಡ್ಡಿನ ಗ್ಯಾಸ್ ಅಲಾರಂ ಕೆಟ್ಟು ಇಪ್ಪತ್ ದಿನ ಆಯ್ತು. ಮಾಸ್ಕಿನ ಪೆಟ್ಟಗಿ ಖಾಲಿ ಅದ. ವಿಡಿಯೋ ಹಿಡದೀನಿ, ಇಟ್ಕೋ." ಎರಡನೆಯದರಲ್ಲಿ, ಸಾಹೇಬರಿಗೆ ಬರೆದು ಬರೆದು ಸಾಕಾಯಿತು, ಕಲಬುರಗಿಯ ಸರ್ಕಾರಿ ಕಚೇರಿಗೆ ಕಳಿಸಲಾ ಎಂದು ಕೇಳಿದ್ದರು. ಮೂರನೆಯದು ಎರಡೇ ಸಾಲು: "ಆಯ್ತು ಬಿಡು, ಕಳಸಂಗಿಲ್ಲ. ನೀ ಮೊದಲ ಒಳಗ ಬಾ, ಆಮ್ಯಾಗ ನೋಡಣ. ವಿಡಿಯೋ ಮಾತ್ರ ಅಳಸಬ್ಯಾಡ." ಅದರ ಕೆಳಗೆ, ಎರಡನೆಯದಕ್ಕೆ ನೀವು ಮೊದಲೇ ಕೊಟ್ಟಿದ್ದ ಉತ್ತರ: "ಅಣ್ಣಾ, ನಿನಗ ಕೈ ಮುಗಿತೀನಿ, ಕಳಸಬ್ಯಾಡ. ನನ್ನ ಕೆಲಸದ ಅರ್ಜಿ ಸಾಹೇಬರ ಟೇಬಲ್ ಮ್ಯಾಗ ಅದ." ಅದಾಗಿ ಇಪ್ಪತ್ತಮೂರು ದಿನಕ್ಕೆ ಭಾವ ನಾಲ್ಕನೇ ಶೆಡ್ಡಿನಲ್ಲಿ ಬಿದ್ದರು.

ನಾನು ನಿಮ್ಮನ್ನು ಕೆಟ್ಟವರು ಅನ್ನುತ್ತಿಲ್ಲ. ಕೆಲಸವಿಲ್ಲದೆ ನಾಲ್ಕು ವರ್ಷ ಮನೆಯಲ್ಲಿ ಕೂತವರಿಗೆ ಒಂದು ಅರ್ಜಿ ಎಷ್ಟು ದೊಡ್ಡದೆಂದು ನನಗೂ ಅರ್ಥವಾಗುತ್ತದೆ. ಆದರೆ ವಿಚಾರಣೆಯ ಕಾಗದದಲ್ಲಿ "ಮಾಸ್ಕ್ ಧರಿಸದೆ ಸ್ವಂತ ನಿರ್ಲಕ್ಷ್ಯದಿಂದ" ಎಂದಿರುವುದರ ಕೆಳಗೆ ಮನೆಯವರ ಪರವಾಗಿ ರುಜು ಹಾಕಿದ್ದು ನೀವು. ಅದನ್ನು ನಂಬಿ ಅತ್ತೆ ಎಷ್ಟೋ ದಿನ ರೊಟ್ಟಿ ಬಡಿಯುತ್ತಾ ಮಗನನ್ನು ಬಯ್ಯುತ್ತಾರೆ: "ಮೂಗಿಗಿ ಒಂದು ಕಟ್ಕೋ ಅಂದ್ರ ಕಟ್ಕೊಳ್ಳಿಲ್ಲ ಭಾಡ್ಯಾ. ತನ್ನ ಕೈಲೆ ತಾನ ಸತ್ತ." ಬಯ್ದ ದಿನ ಅವರು ಆ ರೊಟ್ಟಿ ತಿನ್ನುವುದಿಲ್ಲ. ನಾನು ಬಂದಾಗಿನಿಂದ ನೋಡುತ್ತಿದ್ದೇನೆ, ಹಸಿವಿಲ್ಲವೇನೋ ಅಂದುಕೊಂಡಿದ್ದೆ.

ಸಾಕು, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಣ್ಣೀರು ಕುಡಿಯಬೇಡಿ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ. ನನ್ನದು ಇನ್ನೇನಿದೆ, ಎಲ್ಲವೂ ನಿಮ್ಮದೇ.

ನಿಮ್ಮ ದಾರಿ ನೋಡುತ್ತಿರುವ
ಉಮಾ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ವಿಡಿಯೋಗಳನ್ನು ಬೇರೆ ಮಾಡಿ ಆ ಮೂರನ್ನೂ ತಂದೆ. ನೀವು ಎರಡು ಗೆರೆ ಎಳೆದ ಫೋಲ್ಡರನ್ನೂ ತಂದೆ. ಯೂನುಸ ಭಾಯಿಗೆ ಬರಬೇಡಿ ಅಂದಿದ್ದೇನೆ. ವಿಡಿಯೋ ಸರಿ ಬಂತೋ ಎಂದು ಹೊಸದರಲ್ಲಿ ಹಚ್ಚಿದೆ, ಅದರಲ್ಲಿ ಭಾವ ಮಾತಾಡುವ ದನಿ ದೊಡ್ಡದಿತ್ತು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದು, "ಅರ್ಜುನ ಬಂದಾನೇನ?" ಅಂದರು. ವಿಡಿಯೋದಲ್ಲಿ ಮಾಸ್ಕಿನ ಖಾಲಿ ಪೆಟ್ಟಿಗೆ ನೋಡಿದರು. ಇನ್ನೊಮ್ಮೆ ಹಚ್ಚು ಅಂದರು, ಮತ್ತೊಮ್ಮೆ ಅಂದರು. ಆಮೇಲೆ ಏನ ಬರದಾನ ಓದು ಅಂದರು. ಭಾವ ಬರೆದದ್ದಷ್ಟೇ ಓದಿದೆ, ನಿಮ್ಮ ಉತ್ತರ ಓದಲಿಲ್ಲ. "ಇದಕ್ಕ ದೇವಿಂದ್ರ ಏನಂದ?" ಎಂದು ಮೂರು ಸಲ ಕೇಳಿದರು. ಬಂದು ಅವರೇ ಹೇಳುತ್ತಾರೆ ಅಂದೆ. ಟ್ರೇನಿಂಗ್ ಮುಗಿಸಿ ಈ ಹದಿನಾರನೇ ತಾರೀಖಿಗೆ ನೀವು ಕೆಲಸಕ್ಕೆ ಸೇರಬೇಕಾದ್ದು ಅದೇ ನಾಲ್ಕನೇ ಶೆಡ್ಡು. ಅಲ್ಲಿಗೆ ಹೋಗುವ ಮೊದಲು ಮನೆಗೆ ಬನ್ನಿ. ಅವರು ಬಾಗಿಲಲ್ಲಿ ಕೂತಿದ್ದಾರೆ, ಕೈಯ ಹಿಟ್ಟು ಇನ್ನೂ ತೊಳೆದಿಲ್ಲ.