ತಟ್ಟೆ ಒರೆಸುವ ಬಟ್ಟೆ

ನಮ್ಮ ರೆಸ್ಟೋರೆಂಟಿನ ಮಹಡಿ ಕೋಣೆ,
ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ಬಟಾಣಿಗೆ,

ಹೇಗಿದ್ದೀಯ? ಅಪ್ಪನ ಅಂತ್ಯಕ್ರಿಯೆಯ ದಿನ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತೇ? ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕೆಂದು ಅವತ್ತು ನೀನೇ ಹೇಳಿದ್ದೆ. ಮನೆಗೆ ಹೋದ ಮೇಲಾದರೂ ಕಾಲನ್ನು ಸ್ವಲ್ಪ ಬಿಸಿನೀರಿನಲ್ಲಿ ಇಟ್ಟುಕೋ. ನನ್ನ ಆರೋಗ್ಯ ಪರವಾಗಿಲ್ಲ. ದಿನಚರಿಯ ಹಾಳೆ ಕಿತ್ತು ಬರೆಯುತ್ತಿದ್ದೇನೆ. ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ, ದಿನಚರಿಯಲ್ಲಿ ಬರೆಯಲು ಬೇರೇನೂ ತೋಚುತ್ತಿಲ್ಲ.

ಸುದ್ದಿ ಹೇಳಿಬಿಡುತ್ತೇನೆ. ಕಟ್ಟಡದ ಮಾಲೀಕರು ನಿನ್ನೆ ಬಂದಿದ್ದರು. ರೆಸ್ಟೋರೆಂಟ್ ನಡೆಸುತ್ತೀರೋ ಬಿಡುತ್ತೀರೋ, ಶನಿವಾರದೊಳಗೆ ಹೇಳಿ ಎಂದರು. ಕೆಟ್ಟವರಲ್ಲ, ನಿಂತೇ ಮಾತಾಡಿ ಹೋದರು. ಅವರು ಹೋದ ಮೇಲೆ ಮೀಸೆಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹತ್ತೊಂಬತ್ತು ವರ್ಷ ಅಪ್ಪನ ಬಲಗೈಯಾಗಿದ್ದವನು. "ಅಮ್ಮಾ, ಕತ್ತರಿಸು ಅಂದ್ರೆ ಕತ್ತರಿಸ್ತೀನಿ, ಹುರಿ ಅಂದ್ರೆ ಹುರೀತೀನಿ. ಒಲೆ ಮುಂದೆ ನಿಂತು ಇದೇ ಸರಿ ಅನ್ನೋ ಧೈರ್ಯ ನನಗಿಲ್ಲ. ಮಗಳು ಬಂದ್ರೆ ಇರ್ತೀನಿ, ಇಲ್ಲಾಂದ್ರೆ ಬೇರೆ ಕಡೆ ಕರೀತಿದ್ದಾರೆ," ಎಂದ. ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ಅಂತ್ಯಕ್ರಿಯೆಗೆ ಬಂದವಳು ಅಡುಗೆಮನೆಯ ಬಾಗಿಲವರೆಗೆ ಬಂದು ಹೊಸ್ತಿಲು ದಾಟದೆ ತಿರುಗಿ ಹೋದೆಯಲ್ಲ, ಆಗಲೇ ತಿಳಿಯಿತು.

ನಿಮ್ಮಪ್ಪ ಇಲ್ಲಿಗೆ ಬಂದಾಗ ಇಪ್ಪತ್ಮೂರು ವರ್ಷ. ಫ್ರಾನ್ಸಿನಿಂದ ತಂದದ್ದು ಬಟ್ಟೆಯಲ್ಲಿ ಸುತ್ತಿದ ಐದು ಚಾಕು, ಒಂದು ಜೊತೆ ಬೂಟು. ಎರಡು ವರ್ಷ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಸುಲಿದರು. ನಮ್ಮ ಮಾತು ಕಲಿತದ್ದು ತರಕಾರಿ ಮಾರುವ ಹೆಂಗಸಿನ ಹತ್ತಿರ. ಹಾಗಾಗಿ ಪೊಲೀಸಿನವನಿಗೂ "ಹೂಂ ಕಣಕ್ಕಾ" ಎನ್ನುತ್ತಿದ್ದರು. ಹನ್ನೆರಡು ಮೇಜಿನ ಈ ಜಾಗ ತೆರೆದ ಮೊದಲ ಎಂಟು ದಿನ ನರಪಿಳ್ಳೆಯೂ ಬರಲಿಲ್ಲ. ಆದರೂ ದಿನಾ ಎಲ್ಲ ಮೇಜಿಗೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿ, ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದರು. ಒಂಬತ್ತನೆಯ ದಿನ ಬಂದ ಮುದುಕರೊಬ್ಬರು ತಟ್ಟೆ ನೋಡಿ, "ಇಷ್ಟು ದೊಡ್ಡ ಮೈದಾನದಲ್ಲಿ ಇಷ್ಟೇ ಆಟಗಾರರಾ?" ಎಂದು ಕೇಳಿದ್ದರು. ತಿಂದ ಮೇಲೆ ಸಾಸನ್ನು ಬ್ರೆಡ್ಡಿನಿಂದ ಒರೆಸಿಕೊಂಡು ತಿಂದು, ಮಾರನೆಯ ದಿನ ಬಳಗವನ್ನೆಲ್ಲ ಕರೆತಂದರು. ಆಮೇಲಿನದು ನಿನಗೇ ಗೊತ್ತು. ಪತ್ರಿಕೆಯವರು ಬರೆದರು, ಜನ ತಿಂಗಳ ಮೊದಲೇ ಮೇಜು ಹಿಡಿದಿಡತೊಡಗಿದರು. ಎಲ್ಲಕ್ಕೂ ಆಧಾರ ಆ ಸಾಸೇ, ಮೂಳೆಗಳನ್ನು ಎರಡು ದಿನ ಕುದಿಸಿ ಇಳಿಸಿದ್ದು.

ನಿನಗೆ ಗೊತ್ತಿಲ್ಲದ್ದೊಂದಿದೆ. ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಅವರ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ಉಪ್ಪಿಲ್ಲ, ಹುಳಿಯಿಲ್ಲ, ಎಲ್ಲವೂ ಬರೀ ಬಿಸಿ ನೀರು. ವೈದ್ಯರು ಕೈಚೆಲ್ಲಿದರು. ರುಚಿ ಕಾಣದ ಬಾಣಸಿಗನ ಹತ್ತಿರ ಯಾರು ಊಟಕ್ಕೆ ಬರುತ್ತಾರೆ? ಒಬ್ಬರಿಗೂ ತಿಳಿಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ನಿನಗೂ ಹೇಳಬಾರದೆಂದರು, ನಿನ್ನ ಕಣ್ಣಲ್ಲಿ ಸಣ್ಣವರಾಗುವ ಭಯ. ಅಂದಿನಿಂದ ನಾನು ಅವರ ನಾಲಿಗೆಯಾದೆ. ತಟ್ಟೆಯ ಅಂಚು ಒರೆಸುವ ನೆಪದಲ್ಲಿ ಒಲೆಯ ಪಕ್ಕ ನಿಂತು ಒಂದು ಚಮಚ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒರೆಸುವ ಬಟ್ಟೆ ನನ್ನ ಬಲ ಭುಜದ ಮೇಲಿದ್ದರೆ ಉಪ್ಪು ಸಾಲದು. ಎಡ ಭುಜದ ಮೇಲಿದ್ದರೆ ಹೆಚ್ಚು. ಕೈಯಲ್ಲೇ ಇದ್ದರೆ ಎಲ್ಲ ಸರಿ, ತಟ್ಟೆಗೆ ಬಡಿಸಬಹುದು. "ಅಮ್ಮ ಯಾಕೆ ಈ ಬಟ್ಟೇನ ಜೋಗುಳ ಹಾಡಿ ಮಲಗಿಸೋ ಮಗು ಥರ ಅಲ್ಲಿಗೂ ಇಲ್ಲಿಗೂ ಹಾಕ್ಕೊಳ್ತಾಳೆ?" ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಅವಳಿಗೆ ಹೇಳು" ಎಂದರು. "ನೀವೇ ಹೇಳಿ, ಫೋನ್ ಹಚ್ಚಿಕೊಡ್ತೀನಿ" ಎಂದೆ. ನಾಳೆ ಎಂದರು. ಹಾಗೆ ಮೂರು ನಾಳೆಗಳಾದವು.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಜೊತೆಗಿರುವ ಹುಡುಗಿಗೆ ನಾನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು, ಮಗಳೇ.

ಇಂತಿ,
ನಿನ್ನ ಅಮ್ಮ

ಮತ್ತೆ: ಲಕೋಟೆಗೆ ಹಾಕಿದವಳು ಹೊರಗೆ ತೆಗೆದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸುಳ್ಳು. ಎರಡು ವರ್ಷದ ಹಿಂದೆ, ಎಲ್ಲ ಮೇಜುಗಳಿಂದಲೂ ತಟ್ಟೆಗಳು ವಾಪಸ್ಸು ಬಂದ ದಿನ, ನೀನು ಮಾಡಿದ ಸಾಸನ್ನು ಅಪ್ಪ ಎಲ್ಲರೆದುರು ಮೋರಿಗೆ ಸುರಿದು, "ನಿನಗೆ ನಾಲಿಗೆಯೇ ಇಲ್ಲ, ಈ ಕೆಲಸ ಬಿಡು" ಎಂದರಲ್ಲ. ಅವತ್ತು ಬಟ್ಟೆ ನನ್ನ ಕೈಯಲ್ಲಿತ್ತು. ನೀನು ಮಾಡಿದ್ದು ಸರಿಯಾಗಿತ್ತು, ಅವರು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. "ಇವತ್ತು ನಾನೇ ರುಚಿ ನೋಡ್ತೀನಿ ಅಪ್ಪ" ಎಂದು ನೀನು ಹೇಳಿದ ಮಾತು ಅವರಿಗೆ ಚುಚ್ಚಿತು. ನೀನು ಅತ್ತ ಹೋದಾಗ, ನನ್ನ ಕಡೆ ತಿರುಗಿ ನೋಡದೆ, ಹಟಕ್ಕೆ ನಿನ್ನ ಸಾಸಿಗೆ ಒಂದು ಹಿಡಿ ಉಪ್ಪು ಹಾಕಿದರು, ತಟ್ಟೆಗಳು ವಾಪಸ್ಸಾದದ್ದು ಅದಕ್ಕೇ. ನಾನು ಕಣ್ಣಾರೆ ಕಂಡೆ. ಬಾಯಿ ತೆರೆದರೆ ಅವರ ಗುಟ್ಟು ಬಯಲಾಗುತ್ತಿತ್ತು, ಮುಚ್ಚಿದರೆ ನೀನು ಹೋಗುತ್ತಿದ್ದೆ. ಮುಚ್ಚಿದೆ.

ಕೆಳಗೆ ಎಲ್ಲರೂ ಕೆಲಸಕ್ಕೆ ಬಂದಿದ್ದಾರೆ. ಅವರೆದುರೂ ಇದನ್ನು ಹೇಳಿ ಬಂದೇ ಲಕೋಟೆ ಅಂಟಿಸುತ್ತೇನೆ.

ಹೇಳಿ ಬಂದೆ. ಮೀಸೆಯಣ್ಣ ಚಾಕು ಕೆಳಗಿಟ್ಟು, "ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ, ಆ ಮಗೂನ ನೆನೆದಾಗ ಅನ್ನ ಹೇಗೆ ಇಳೀತಮ್ಮ ನಿಮಗೆ?" ಎಂದ. ನೀನೂ ಅದನ್ನೇ ಕೇಳು. ಶನಿವಾರದೊಳಗೆ ಬಂದು, ಆ ಒಲೆಯ ಮುಂದೆ ನಿಂತು ಕೇಳು.