ಅಳಿಸು ಎಂದ ಫೋಟೋಗಳು

ಶಿಕಾರಿಪುರ
೪ ಅಕ್ಟೋಬರ್ ೨೦೨೫, ಶನಿವಾರ

ನನ್ನ ಹಟಮಾರಿ ಅಮ್ಮನಿಗೆ,

ನಿನ್ನ ಮಗಳು ಯಶೋಧರಾಳ ನಮಸ್ಕಾರ, ಜೊತೆಗೆ ಸಣ್ಣದೊಂದು ಜಗಳ. ಫೋನು ಮಾಡಿದರೆ ನೀನು ಹೂಂ, ಹೂಂ ಎಂದು ಎರಡು ಸಲ ಹೇಳಿ ಸೊಸೆ ನಯನಳ ಕೈಗೆ ದಾಟಿಸಿಬಿಡುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ. ನಯನ ಇದನ್ನು ಓದುವಾಗ ನೀನು ಕೂತು ಕೇಳಲೇಬೇಕು. ಜೊತೆಗಿರುವ ದೊಡ್ಡ ಲಕೋಟೆಯನ್ನು ಓದಿ ಮುಗಿಯುವವರೆಗೆ ಬಿಚ್ಚುವ ಹಾಗಿಲ್ಲ. ಮಡಚಬೇಡ ಮಾರಾಯ ಎಂದು ಬಸ್ಸಿನ ಕಂಡಕ್ಟರ್ ನಾಗೇಶನಿಗೆ ಹೇಳಿಯೇ ಕೊಟ್ಟಿದ್ದೇನೆ.

ಮೊದಲು ಕೆಟ್ಟ ಸುದ್ದಿ. ನಯನಳಿಗೆ ಕಳಿಸುತ್ತೇನೆ ಎಂದಿದ್ದ ಭೂಮಣ್ಣಿ ಬುಟ್ಟಿಯ ಫೋಟೋಗಳು ಹೋದವು. ಒಂದು ವರ್ಷದ್ದಲ್ಲ, ಈ ಫೋಟೋ ಸ್ಟುಡಿಯೋ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಪ್ರತಿ ಭೂಮಿ ಹುಣ್ಣಿಮೆಗೂ ಕುಪ್ಪಗಡ್ಡೆಗೆ ಬಂದು ತೆಗೆದ ಎಲ್ಲವೂ. ಬೇಸಿಗೆಯಲ್ಲಿ ನಿನ್ನ ಬಲಗೈ ಸೋತ ಮೇಲೆ ನೀನು ಹೇಳುತ್ತ ಬಂದದ್ದು ಒಂದೇ ಮಾತು. ಬುಟ್ಟಿಯ ಚಿತ್ತಾರ ನಾನು ಹೇಳಿಕೊಡುವುದಿಲ್ಲ, ಯಶೋಧರಾಳ ಹತ್ತಿರ ಫೋಟೋ ಉಂಟು, ನೋಡಿಕೊಂಡು ಬರೆಯಲಿ. ಅದನ್ನೇ ನಂಬಿ ನಯನ ಹೋದ ವರ್ಷದ ಬುಟ್ಟಿಯ ಮೇಲೆ ಕೆಮ್ಮಣ್ಣು ಬಳಿದಾಗಿತ್ತು. ಹಳೆಯ ಚಿತ್ತಾರ ಮಣ್ಣಿನಡಿಗೆ ಹೋಯಿತು, ಅದರ ಫೋಟೋ ಕಂಪ್ಯೂಟರಿನೊಳಗೇ ಹಾಳಾಗಿ ಹೋಯಿತು. ಗರ್ಭ ಕಟ್ಟಿದ ಗದ್ದೆಗೆ ಬಯಕೆಯೂಟ ಒಯ್ಯಬೇಕಾದ ಬುಟ್ಟಿ ಬರಿಗೆಂಪಾಗಿ ಜಗಲಿಯ ಮೇಲೆ ಕೂತಿದೆಯಂತೆ. ನಯನ ತಾನಾಗಿ ಬರೆದು ನೋಡಿ, ಎಳೆಗಳು ಒಂದಕ್ಕೊಂದು ಕೂಡದೆ, ಮತ್ತೆ ಮತ್ತೆ ಒರೆಸಿದ್ದಾಳೆ. ಅವಳು ಫೋನಿನಲ್ಲಿ ಅತ್ತದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಈಗ ಗೊತ್ತಾಯಿತಲ್ಲ.

ಹೋದದ್ದು ಹೇಗೆ ಎಂದು ಕೇಳು. ಆಯುಧ ಪೂಜೆಯ ಬೆಳಿಗ್ಗೆ ನಮ್ಮ ಫೋಟೋ ಜೋಡಿಸಿಡುವ ಸಾಫ್ಟ್‌ವೇರು ಹೊಸ ವರ್ಷನ್ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಎಷ್ಟೋ ದಿನದಿಂದ ಕೇಳುತ್ತಲೇ ಇತ್ತು. ಇವತ್ತು ಹೇಗೂ ಅಂಗಡಿಯಲ್ಲಿ ಕೆಲಸವಿಲ್ಲ, ಹಾಕಿಕೋ ಎಂದು ಒತ್ತಿ ಒಳಗೆ ಹೂರಣ ರುಬ್ಬಲು ಹೋದೆ. ಅದು ಇದ್ದ ಫೋಟೋಗಳನ್ನೆಲ್ಲ ಒಟ್ಟಿಗೇ ತೆರೆದು ಹೊಸ ನಮೂನೆಗೆ ತಿದ್ದಿ ಬರೆಯುತ್ತಾ ಕೂತಿತ್ತು. ಅಷ್ಟರಲ್ಲಿ ನಮ್ಮ ಮಾವ ಉಚ್ಚಂಗಪ್ಪನವರು ಚೆಂಡು ಹೂವಿನ ಹಾರ, ಕುಂಕುಮ, ನಿಂಬೆಹಣ್ಣು ಹಿಡಿದು ಸ್ಟುಡಿಯೋಕ್ಕೆ ಬಂದರು. ಆಯುಧ ಪೂಜೆಯ ದಿನ ಆಯುಧಕ್ಕೆ ಕೆಲಸ ಹಚ್ಚಬಾರದು ಎಂಬುದು ಅವರ ಕಾಲದಿಂದ ಬಂದ ಕಟ್ಟುನಿಟ್ಟು. ರೀಲಿನ ಕ್ಯಾಮೆರಾದ ಕಾಲದಲ್ಲೂ ಆ ದಿನ ಯಾರು ಬಂದು ಕರೆದರೂ ಅವರು ಫೋಟೋ ತೆಗೆದವರಲ್ಲ. ಕಂಪ್ಯೂಟರ್ ಗುಂಯ್ ಎನ್ನುವುದನ್ನು ಕೇಳಿ ಮೇನ್ ಸ್ವಿಚ್ಚನ್ನೇ ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು, ಹಾರ ಹಾಕಿ, ನನ್ನನ್ನು ಮಂಗಳಾರತಿಗೆ ಕರೆದರು. "ವರ್ಷಪೂರ್ತಿ ದುಡಿತೈತಿ ಪಾಪ, ಇವತ್ತೊಂದಿನ ಮಲಗ್ಲಿ ಬಿಡವ್ವಾ" ಎಂದರು. ತಿದ್ದುವ ಕೆಲಸ ಅರ್ಧಕ್ಕೇ ನಿಂತಿತ್ತು. ಆದರೂ ಆರತಿ ತೆಗೆದುಕೊಂಡೆ.

ಮರುದಿನ ತೆರೆದರೆ ಪ್ರತಿ ಫೋಟೋದಲ್ಲೂ ಮೇಲಿನ ಒಂದು ಪಟ್ಟಿ ಮಾತ್ರ ಉಳಿದಿದೆ, ಕೆಳಗೆಲ್ಲ ಬರೀ ಬೂದು ಬಣ್ಣ. ಬುಟ್ಟಿಯ ಬಾಯಿ ಕಾಣುತ್ತದೆ, ಬುಟ್ಟಿ ಇಲ್ಲ. ಇನ್ನೊಂದು ಪ್ರತಿ ಇದ್ದ ಡಿಸ್ಕನ್ನೂ ಜಾಣೆಯ ಹಾಗೆ ಅದೇ ಮಷೀನಿಗೆ ಚುಚ್ಚಿಟ್ಟಿದ್ದೆ, ಅದನ್ನೂ ಸಾಫ್ಟ್‌ವೇರು ತಿದ್ದಲು ಹೋಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಗಿರಾಕಿಗಳ ಮದುವೆ ಫೋಟೋಗಳು ಬೇರೆ ಕಡೆ ಇದ್ದವು, ಪುಣ್ಯ. ಹೋದದ್ದು ನಮ್ಮ ಮನೆಯದ್ದು ಮಾತ್ರ. ಮಾವನಿಗೆ ನಾನು ಹೇಳಿಲ್ಲ. ಕರೆಂಟಿನ ತೊಂದರೆ ಎಂದೇ ಅವರು ನಂಬಿದ್ದಾರೆ, ಬೀಗರ ಎದುರು ನೀನೂ ಬಾಯಿಬಿಡಬೇಡ. ಅವರು ಪೂಜೆ ಮಾಡಿದ್ದು ಪ್ರೀತಿಯಿಂದ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಾಹುಲ್‌ಗೆ ಫೋನು ಮಾಡಿದೆ. ಅವನು ಹೇಳಿದ್ದನ್ನೆಲ್ಲ ಮಾಡಿದೆ. ಹಳೆಯ ವರ್ಷನ್ ಹಾಕಿದೆ, ಕಳೆದ ಫೋಟೋ ಹುಡುಕುವ ಇನ್ನೊಂದು ಸಾಫ್ಟ್‌ವೇರನ್ನು ಇಡೀ ದಿನ ಓಡಿಸಿದೆ. ಬೂದು ಹೋಗಲಿಲ್ಲ. ಬರೆದಿದ್ದರ ಮೇಲೆಯೇ ಬರೆದುಬಿಟ್ಟಿದೆ ಅಕ್ಕ, ಆಸೆ ಬಿಡಿ ಎಂದ. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ನಯನಳಿಗೆ ಏನು ಹೇಳಲಿ, ಅದಕ್ಕಿಂತ ನಿನಗೆ ಏನು ಹೇಳಲಿ ಎಂದು ಕೂತಿದ್ದಾಗ, ತೆರೆಯ ಮೂಲೆಯಲ್ಲಿ ಕಸದ ಬುಟ್ಟಿಯ ಗುರುತು ಕಂಡಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದನ್ನು ನೋಡಬೇಕೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಹೊಸ ವರ್ಷನ್ ನಾನು ಇಟ್ಟುಕೊಂಡ ಫೋಟೋಗಳನ್ನು ಮಾತ್ರ ತಿದ್ದಲು ಹೋಗಿತ್ತು. ಕಸವನ್ನು ಮುಟ್ಟಿರಲಿಲ್ಲ.

ಅಮ್ಮ, ನೀನು ಅಳಿಸು ಎಂದ ಫೋಟೋಗಳೆಲ್ಲ ಅದರೊಳಗೆ ಕ್ಷೇಮವಾಗಿವೆ.

ನೆನಪು ಮಾಡಿಕೋ. ಫೋಟೋ ತೆಗೆದಾದ ಮೇಲೆ ನೀನು ಕೈ ತೊಳೆದು ಬಂದು ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ನಿನ್ನ ಮುಖ, ನಿನ್ನ ಬೆನ್ನು, ಕೊನೆಗೆ ನಿನ್ನ ಕೈ ಬಿದ್ದಿದ್ದರೂ ಸರಿ, ಅದನ್ನು ಅಳಿಸುವವರೆಗೆ ಏಳುತ್ತಿರಲಿಲ್ಲ. ಮೊದಲೆಲ್ಲ ಅದು ನಾಚಿಕೆ. ಅಪ್ಪ ಹೋದ ವರ್ಷದಿಂದ ಅದು ಬೇರೆಯಾಯಿತು. "ಗಂಡ ಇಲ್ದೋಳ ಮುಖ ಭೂಮ್ತಾಯಿ ಬುಟ್ಟಿ ಪಕ್ಕ ಎಂತಕ್ಕೆ ಮಾರಾಯ್ತಿ, ಅಳ್ಸು" ಎಂದೆ. ನಾನು ನಿನ್ನ ಕಣ್ಣೆದುರೇ ಒತ್ತಿದೆ, ಫೋಟೋ ಮಾಯವಾಯಿತು, ನಿನಗೆ ಸಮಾಧಾನವಾಯಿತು. ಕಸದ ಬುಟ್ಟಿ ತಾನಾಗಿ ಖಾಲಿಯಾಗದ ಹಾಗೆ ನಾನು ಆಗಲೇ ಮಾಡಿಟ್ಟಿದ್ದೆ, ಶಿಕಾರಿಪುರಕ್ಕೆ ಬಂದು ಆ ಕಸದ ಸಮೇತ ಎಲ್ಲವನ್ನೂ ಸ್ಟುಡಿಯೋದ ಕಂಪ್ಯೂಟರಿಗೆ ದಾಟಿಸುತ್ತಿದ್ದೆ. ಬಯ್ಯುವುದಿದ್ದರೆ ಬಯ್ಯಿ. ಆದರೆ ಆ ಮಾತನ್ನು ನಿನಗೆ ಯಾರು ಹೇಳಿದರು? ನಮ್ಮ ಊರಿನಲ್ಲಿ ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ, ತಮ್ಮ ಮಾಲತೇಶನೂ ಹೇಳಲಿಲ್ಲ, ನಯನಳೂ ಹೇಳಲಿಲ್ಲ. ನಟ್ಟಿ ಮಾಡುವಾಗ ನಿನಗೆ ಗಂಡ ಇದ್ದಾನೋ ಇಲ್ಲವೋ ಎಂದು ಯಾವ ಸಸಿ ಕೇಳಿತು? ನನಗೆ ಆ ದಿನವೂ ಸಿಟ್ಟು ಬಂದಿತ್ತು, ಇವತ್ತೂ ಬರುತ್ತಿದೆ.

ಇನ್ನು ಒಳ್ಳೆಯ ಸುದ್ದಿ. ಹಾಳಾದ ಫೋಟೋಗಳಲ್ಲಿ ಇದ್ದದ್ದು ಮುಗಿದ ಬುಟ್ಟಿ. ಅದನ್ನು ನೋಡಿಕೊಂಡು ನಯನ ನೂರು ವರ್ಷ ಬರೆದರೂ ಎಳೆ ಕೂಡುತ್ತಿರಲಿಲ್ಲ ಎಂದು ಈಗ ಗೊತ್ತಾಗಿದೆ. ನೀನು ಅಳಿಸಿದವುಗಳಲ್ಲಿ ಬುಟ್ಟಿ ಆಗುತ್ತಿದೆ. ನಾವೆಲ್ಲ ನೀನು ಬಾಯಿಯ ಕಡೆಯಿಂದ ಶುರು ಮಾಡುತ್ತೀಯ ಎಂದುಕೊಂಡಿದ್ದೆವು. ನೀನು ಬುಟ್ಟಿಯನ್ನು ಬೋರಲು ಹಾಕಿ ತಳದಿಂದ ಎಳೆ ಇಳಿಸುತ್ತೀಯ. ಸುತ್ತಳತೆಯನ್ನು ಗೇಣಿನಲ್ಲಿ ಅಳೆದು ಮೊದಲು ಉಗುರಿನ ಗುರುತು ಹಾಕುತ್ತೀಯ. ಸುತ್ತಿ ಬಂದ ಎಳೆಗಳು ಕೂಡುವ ಕಡೆ, ಅವು ನಿನ್ನ ಕೈಯಲ್ಲೂ ಸರಿಯಾಗಿ ಕೂಡುವುದಿಲ್ಲ ಕಳ್ಳಿ, ಅಲ್ಲಿ ಏಣಿ ಬರೆದು ಮುಚ್ಚಿಬಿಡುತ್ತೀಯ. ಏಣಿ ಎಂದರೆ ಏನೋ ದೊಡ್ಡ ಅರ್ಥ ಎಂದು ಸ್ಟುಡಿಯೋಕ್ಕೆ ಬಂದವರಿಗೆಲ್ಲ ನಾನು ವಿವರಿಸುತ್ತಿದ್ದೆ.

ಒಂದರಲ್ಲಿ ನೀನು ಪುಂಡಿನಾರಿನ ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೀಯ. ಇನ್ನೊಂದರಲ್ಲಿ ಮೂಗಿನ ಮೇಲೆ ಅಕ್ಕಿಹಿಟ್ಟಿದೆ. ಮತ್ತೊಂದರಲ್ಲಿ ಅಪ್ಪ ಹಿಂದೆ ನಿಂತು ನಿನ್ನ ಎಳೆ ಸೊಟ್ಟ ಎಂದು ತೋರಿಸುತ್ತಿದ್ದಾರೆ, ನೀನು ಕುಂಚವನ್ನು ಅವರ ಕಡೆಗೆ ಎತ್ತಿದ್ದೀಯ. ನಿನ್ನ ಫೋಟೋ ನನ್ನ ಹತ್ತಿರ ಒಂದೂ ಇಲ್ಲ ಎಂದು ಕೊರಗುತ್ತಿದ್ದೆ. ಇವನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿ ಲಕೋಟೆಯಲ್ಲಿ ಇಟ್ಟಿದ್ದೇನೆ.

ಈಗ ನೀನು ಮಾಡಬೇಕಾದ್ದು ಒಂದೇ. ಜಗಲಿಯ ಮೇಲೆ ಇವನ್ನು ಸಾಲಾಗಿ ಹರಡಿ ನಯನಳ ಪಕ್ಕ ಕೂರು. ನಿನ್ನ ಕೈ ಸೋತಿದೆ, ಬಾಯಿ ಸೋತಿಲ್ಲ, ಅದು ಇಡೀ ಕುಪ್ಪಗಡ್ಡೆಗೆ ಗೊತ್ತು. ನೀನು ಕೂರದಿದ್ದರೆ ಈ ಚಿತ್ತಾರ ನಿನ್ನ ಕೈಯಲ್ಲೇ ಮುಗಿಯುತ್ತದೆ ಅಮ್ಮ. ನನಗೆ ಅದು ಬೇಡ.

ನಿನ್ನ ಮಾತು ಕೇಳಿದ ಹಾಗೆ ನಟಿಸಿದ ಮಗಳು,
ಯಶೋಧರಾ

ನಯನ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ದೊಡ್ಡ ಲಕೋಟೆಯೊಳಗೆ ಚಿಕ್ಕದೊಂದು ಅಂಟಿಸಿದ ಲಕೋಟೆ ಇದೆ, ಅದು ನಿನಗೆ. ನಮ್ಮ ಮನೆಯಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಮುಂದೆ ನಡೆಯುತ್ತಿದ್ದವಳು ಅಮ್ಮ. ಅಪ್ಪ ಹಿಂದಿನಿಂದ ಬುಟ್ಟಿಯ ಅನ್ನದ ಚರಗವನ್ನು ಪೈರಿಗೆ ಚೆಲ್ಲುತ್ತ ಬರುತ್ತಿದ್ದರು. ಅಪ್ಪ ಹೋದ ಮೇಲೆ ಬುಟ್ಟಿಯನ್ನು ನಿನ್ನ ತಲೆಗೆ ಕೊಟ್ಟು ಅವಳು ಗದ್ದೆಗೆ ಬರುವುದನ್ನೇ ಬಿಟ್ಟಳು. ಹೋದ ವರ್ಷ ಹಬ್ಬದ ಹಿಂದಿನ ಸಂಜೆ, ಯಾರೂ ಇಲ್ಲ ಎಂದುಕೊಂಡು ಅವಳು ಸೆರಗನ್ನು ಸಿಂಬೆ ಸುತ್ತಿ, ಖಾಲಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಅಂಗಳ ದಾಟಿ ಬೇಲಿಬಾಗಿಲಿನ ದಣಪೆಯವರೆಗೆ ನಡೆದಳು. ಅಲ್ಲಿ ಗದ್ದೆ ನೋಡುತ್ತ ನಿಂತು, ಹಿಂದಕ್ಕೆ ಬಂದು ಬುಟ್ಟಿ ಇಳಿಸಿದಳು. ನಾನು ಕಿಟಕಿಯಿಂದ ತೆಗೆದುಬಿಟ್ಟಿದ್ದೆ. ನೋಡಲಾಗಲಿಲ್ಲ. ಅದೊಂದನ್ನು ಯಾರೂ ಹೇಳದೆ ನಾನೇ ಅಳಿಸಿದೆ, ಈಗ ಕಸದಲ್ಲಿ ಸಿಕ್ಕಿದ್ದು ಆ ಚಿಕ್ಕ ಲಕೋಟೆಯಲ್ಲಿದೆ. ಏನು ಮಾಡಬೇಕೆಂದು ನೀನೇ ಯೋಚಿಸು.


ಕುಪ್ಪಗಡ್ಡೆ
೮ ಅಕ್ಟೋಬರ್ ೨೦೨೫

ಪ್ರೀತಿಯ ಯಶೋಧರಾ ಅಕ್ಕನಿಗೆ,

ನಿಮಗೆ ಸುಳ್ಳು ಹೇಳಲು ಕಲಿಸಿದವರು ಯಾರೋ, ನನಗಂತೂ ಬರುವುದಿಲ್ಲ. ನಿಮ್ಮ ಸಹಿಯವರೆಗೆ ಓದಿ ನಿಲ್ಲಿಸಿದೆ. ಕೆಳಗೆ ಇನ್ನೂ ಏನೋ ಉಂಟಲ್ಲ ಎಂದು ಅತ್ತೆ ಕೇಳಿದರು. ಬಸ್ಸಿನ ಟೈಮು ಎಂದೆ. ಬಸ್ಸಿನ ಟೈಮು ಇಷ್ಟುದ್ದ ಇರುತ್ತದೆಯೇ ಎಂದು ಕಾಗದವನ್ನು ಕಿತ್ತುಕೊಂಡು, ಕನ್ನಡಕ ಹಾಕಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಚಿಕ್ಕ ಲಕೋಟೆಯನ್ನೂ ತಾವೇ ಹರಿದರು. ಆ ಫೋಟೋ ನೋಡಿ ಎದ್ದು ಒಳಗೆ ಹೋದರು. ಇನ್ನು ಹುಣ್ಣಿಮೆ ಮುಗಿದ ಹಾಗೆಯೇ ಎಂದು ನಾನು ಹೆದರಿ ಕೂತೆ.

ಬರುವಾಗ ಎಡಗೈಯಲ್ಲಿ ಪುಂಡಿನಾರಿನ ಕುಂಚ ಇತ್ತು. ಬುಟ್ಟಿ ಬೋರಲು ಹಾಕು ಎಂದರು. ಅಲ್ಲಿಂದ ಸಂಜೆಯವರೆಗೆ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ ಅಕ್ಕ, ಆದರೆ ಎಳೆ ನಿಂತವು. ಏಣಿ ಮಾತ್ರ ಸೊಟ್ಟಗಾಯಿತು. ಮತ್ತೆ ಒರೆಸಲು ಹೋದೆ. ಅತ್ತೆ ನನ್ನ ಕೈ ಹಿಡಿದರು. "ಇರ್ಲಿ ಬಿಡೆ, ಮೊದಲ್ನೇ ವರ್ಷ ನಂದೂ ಹಂಗೇ ಇತ್ತು" ಎಂದರು.

ಹಬ್ಬದ ಬೆಳಿಗ್ಗೆ ನಿಮ್ಮ ತಮ್ಮ ಬುಟ್ಟಿಗೆ ಕಡುಬು, ಸೊಪ್ಪಿನ ಪಲ್ಯ ಎಲ್ಲ ತುಂಬಿ ಅತ್ತೆಯ ಮುಂದೆಯೇ ತಂದಿಟ್ಟರು. ಬೇಡ ಎನ್ನುತ್ತಾರೆಂದು ಕಾದೆವು. ಒಂದು ಕೈಯಲ್ಲಿ ನಿಲ್ಲುವುದಿಲ್ಲ ಎಂದರು, ಅಷ್ಟೇ. ಹಾಗಾದರೆ ಇನ್ನೊಂದು ಕಡೆ ನಾನು ಹಿಡಿಯುತ್ತೇನೆ ಎಂದೆ. ಸಿಂಬೆ ಅವರ ತಲೆಯ ಮೇಲೆ, ಎಡಗಡೆ ಅವರ ಕೈ, ಬಲಗಡೆ ನನ್ನ ಕೈ. ಗದ್ದೆಯ ಬದು ಒಬ್ಬರಿಗೆ ಮಾತ್ರ ಸಾಕಾಗುವಷ್ಟು ಅಗಲ. ಬದುವಿನ ಮೇಲೆ ಅವರು ನಡೆದರು, ನಾನು ಕೆಸರಿನಲ್ಲಿ ನಡೆದೆ. ಭತ್ತದ ಪೂಜೆ ಮಾಡುವಾಗ ಅವರು ಅತ್ತರು, ನಾವು ನೋಡದ ಹಾಗೆ ಇದ್ದೆವು. ಮನೆಗೆ ಬಂದ ಮೇಲೆ ಎರಡು ಸಲ ಬಡಿಸಿಕೊಂಡು ಉಂಡರು.

ನನ್ನ ಕೈ ಖಾಲಿ ಇರಲಿಲ್ಲವಲ್ಲ, ನಿಮ್ಮ ತಮ್ಮ ಒಂದು ಫೋಟೋ ತೆಗೆದಿದ್ದಾರೆ. ಮೂಲೆಯಲ್ಲಿ ಅವರ ಬೆರಳೂ ಬಿದ್ದಿದೆ. ನಿಮ್ಮ ಫೋನಿಗೆ ಕಳಿಸಿದ್ದೇನೆ. ಕೆಳಗೆ ಒಂದು ಸಾಲು ಬರೆಯಬೇಕೆಂದು ಅತ್ತೆ ಕಾಗದ ಕೇಳುತ್ತಿದ್ದಾರೆ. ಎಡಗೈ ಬರಹ, ನಿಧಾನವಾಗಿ ಓದಿಕೊಳ್ಳಿ.

ಇನ್ನೂ ಕಾಲಿನ ಕೆಸರು ಪೂರ್ತಿ ಹೋಗದ,
ನಯನ

ಯಶೋಧರಾ, ಅದರಲ್ಲಿ ನನ್ನ ಸೀರೆ ಸೊಟ್ಟ ಉಂಟು. ಆದರೂ ಅಳಿಸಬ್ಯಾಡ.