ಮೋಡದ ಮೇಲಣ ಸರ್ವೆ ಕಂಬ

ಟಂಗ್, ಸದರ್ಲೆಂಡ್
15 ನವೆಂಬರ್ 1976

ನನ್ನ ಮುದ್ದು ರೋನಾ,

ಅತ್ತೆಯ ಪ್ರೀತಿಯ ನೆನಪುಗಳು. ನಿನ್ನ ಕಾಗದ ಬಂದಾಗ ಇನ್ನೂ ಬೇಸಿಗೆ. ಈಗ ಬಾಗಿಲಲ್ಲಿ ಹಿಮ ಬೀಳುವ ಹೊತ್ತು. ಮುದುಕಿಗೆ ಸಿಟ್ಟು ಬಂದಿದೆ ಅಂದುಕೊಂಡಿರುತ್ತೀಯ. ಸಿಟ್ಟಲ್ಲ ಮಗಳೇ. ನೀನು ಮತ್ತೆ ಮದುವೆಯಾಗುವ ಸುದ್ದಿಗೆ ಏನು ಬರೆಯಬೇಕೋ ತೋಚಲಿಲ್ಲ, ಅಷ್ಟೇ. ಕ್ಷಮಿಸು. ಕುರಿಗಳು ಚೆನ್ನಾಗಿವೆ. ಆಲೂಗಡ್ಡೆಗೆ ಮಾತ್ರ ಈ ಸಲ ರೋಗ ತಗುಲಿತು.

ಶನಿವಾರ ಬೆಳಿಗ್ಗೆ ನಿನ್ನ ಫರ್ಗಸ್ ಬಂದಿದ್ದ. ನಿನಗೂ ಹೇಳದೆ ಬಂದನಂತೆ. ಥರ್ಸೋದಲ್ಲಿ ಬಸ್ಸು ಓಡಿಸುತ್ತಾನೆ ಎಂದು ನೀನು ಬರೆದಿದ್ದೆ, ಇಷ್ಟು ದಪ್ಪಗಿದ್ದಾನೆ ಎಂದು ಬರೆದಿರಲಿಲ್ಲ! ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಅಮ್ಮಾವ್ರೇ, ನಿಮ್ಮ ಮಗ ಮುರ್ಡೊ ವರ್ಷಾ ವರ್ಷಾ ಬೆನ್ ಹೋಪ್ ಬೆಟ್ಟ ಹತ್ತಿ, ತುದೀಲಿರೋ ಸರ್ವೆ ಕಂಬ ಮುಟ್ಟಿ ಬರ್ತಿದ್ರಂತೆ. ರೋನಾ ಹೇಳಿದ್ಲು. ನಂಗೂ ಒಂದ್ಸಲ ಹತ್ತಬೇಕು. ದಾರಿ ತೋರಿಸ್ತೀರಾ?"

"ಈ ಮಂಜಲ್ಲಾ? ಏನೂ ಕಾಣಲ್ಲ ಕಣಪ್ಪ."

"ಕಾಣದಿದ್ರೂ ಪರವಾಗಿಲ್ಲ. ಮುಟ್ಟಿದ್ರೆ ಸಾಕು."

ನಾನು ಬೂಟು ಹಾಕಿಕೊಂಡೆ.

ತೊರೆಯ ಪಕ್ಕದ ಏರಿನಲ್ಲೇ ಅವನು ಏದುಸಿರು ಬಿಡತೊಡಗಿದ. "ಏನಪ್ಪಾ, ಬಸ್ಸು ಕೆಟ್ಟು ನಿಂತಿತಾ?" ಅಂದೆ. "ಇಲ್ಲ ಅಮ್ಮಾವ್ರೇ, ಸ್ಟಾಪು. ಜನ ಹತ್ತಬೇಕಲ್ಲ!" ಅಂದ. ಅವನ ಮಾತಿಗೆ ನಗಲೇಬಾರದೆಂದು ಮನೆಯಿಂದಲೇ ಹಠ ಹಿಡಿದು ಹೊರಟಿದ್ದೆ. ಆಗಲಿಲ್ಲ.

ಮೇಲೆ ಹೋದಂತೆ ಮಂಜು ಎಷ್ಟು ದಟ್ಟವಾಯಿತೆಂದರೆ ನನ್ನ ಕೈ ನನಗೇ ಮಸುಕು. ಕಲ್ಲು ಜಾರುವ ಕಡೆ ಅವನು ನನಗಿಂತ ಒಂದು ಹೆಜ್ಜೆ ಕೆಳಗೇ ಇರುತ್ತಿದ್ದ. ಬಿದ್ದರೆ ಹಿಡಿಯಲಿಕ್ಕೆ ಎಂದು ಆಮೇಲೆ ಹೊಳೆಯಿತು. ಹಾಗೇ ಹತ್ತುತ್ತಿದ್ದಾಗ ಬೂದು ಬಣ್ಣ ಬೆಳ್ಳಗಾಯಿತು, ಬೆಳ್ಳಗಿದ್ದದ್ದು ಹೊನ್ನಾಯಿತು. ನೀರಿನಿಂದ ತಲೆ ಎತ್ತಿದ ಹಾಗೆ ನಾವಿಬ್ಬರೂ ಮೋಡದಿಂದ ಹೊರಗೆ ಬಂದೆವು.

ರೋನಾ, ಹೇಗೆ ಬರೆಯಲಿ? ಹುಟ್ಟಿದಾಗಿನಿಂದ ಈ ಬೆಟ್ಟದ ಬುಡದಲ್ಲಿದ್ದೇನೆ, ಇಂಥದ್ದನ್ನು ಕಂಡಿರಲಿಲ್ಲ. ಲೋಕವೆಲ್ಲ ಬಿಳಿ ಮೋಡ. ಬೆನ್ ಲೊಯಲ್‌ನ ಶಿಖರಗಳು ಮಾತ್ರ ದ್ವೀಪಗಳಂತೆ ಮೇಲೆದ್ದಿದ್ದವು. ಮುರ್ಡೊನನ್ನು ದೋಣಿಯ ಸಮೇತ ನುಂಗಿ, ಹೂಳಲು ಮೈಯನ್ನೂ ಕೊಡದ ಆ ಕಡಲು ಉತ್ತರಕ್ಕೆ ಎಲ್ಲೋ ಅದರಡಿ ಮುಚ್ಚಿಹೋಗಿತ್ತು. ಒಂದು ಹಕ್ಕಿಯ ಸದ್ದೂ ಇಲ್ಲ.

ಕಂಬ ಎದೆಯೆತ್ತರದ ಬರೀ ಸಿಮೆಂಟು. ಗಾಳಿ ಬಡಿಯುವ ಮಗ್ಗುಲಿಗೆ ಹಿಮ ಹಕ್ಕಿಯ ಗರಿಗಳಂತೆ ಬೆಳೆದಿತ್ತು. ಫರ್ಗಸ್ ಟೋಪಿ ತೆಗೆದ, ಕೈಗವಸು ತೆಗೆದ, ಬರಿಗೈ ಎರಡನ್ನೂ ಅದರ ಮೇಲಿಟ್ಟು ತಲೆ ಬಗ್ಗಿಸಿ ನಿಂತ. ನಾನೂ ಕೈಯಿಟ್ಟೆ. ಚಳಿ ಮೊಣಕೈವರೆಗೆ ಏರಿತು.

ಬಿಸಿಲಿಗೆ ಬೆನ್ನು ಹಾಕಿ ತಿರುಗಿದರೆ, ಕಡಲ ಮೇಲಣ ಮೋಡದಲ್ಲಿ ನಮ್ಮ ನೆರಳುಗಳು ರಾಕ್ಷಸಾಕಾರವಾಗಿ ಬಿದ್ದಿದ್ದವು. ತಲೆಯ ಸುತ್ತ ಕಾಮನಬಿಲ್ಲಿನ ಬಳೆ!

"ಅಮ್ಮಾವ್ರೇ, ನನ್ನ ತಲೆಗೆ ನೋಡಿ!"

"ನಿನ್ನ ತಲೆಗೆಲ್ಲಿದೆ? ನನ್ನ ತಲೆಗಲ್ವಾ ಇರೋದು!"

ಜಾಗ ಬದಲಿಸಿದೆವು, ಆದರೂ ಅದೇ ಜಗಳ. ಅವರವರ ಕಣ್ಣಿಗೆ ಅವರವರ ಬಳೆಯೇ ಕಾಣುವುದಂತೆ. ಕೈಯೆತ್ತಿದೆ, ಕಡಲಿನುದ್ದಕ್ಕೂ ಒಂದು ಕೈ ಎದ್ದಿತು. ಮೋಡ ಮೇಲೇರಿ ನಮ್ಮನ್ನು ಮುಚ್ಚುವ ತನಕ ಹಾಗೇ ನಿಂತಿದ್ದೆವು.

ಮದುವೆಗೆ ಬರುತ್ತೇನೆ. ಕೇಕು ನಾನೇ ಮಾಡುತ್ತೇನೆ, ಅಂಗಡಿಯದು ತರಿಸಿದರೆ ನೋಡು! ದೇವರು ನಿಮ್ಮಿಬ್ಬರ ಒಲೆಯನ್ನು ಸದಾ ಬೆಚ್ಚಗಿಡಲಿ.

ನಿನ್ನ ಅತ್ತೆ,
ಇಶ್ಬೆಲ್ ಮೆಕೈ

ಮತ್ತೆ ಬರೆದದ್ದು: ಒಂದು ಮಾತು ಬಿಟ್ಟೆ. ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನೆರಳು ಕಂಡಾಗ ಮೊದಲು ಕೂಗಿದ್ದು ನಾನು. "ಮುರ್ಡೋ, ಬಾರೋ, ಇಲ್ಲಿ ನೋಡೋ!" ಅಂದುಬಿಟ್ಟೆ. ಅವನು ಹೋದಮೇಲೆ ಆ ಹೆಸರನ್ನು ಕೂಗಿ ಕರೆದದ್ದು ಅದೇ ಮೊದಲು. ಫರ್ಗಸ್ "ಬಂದೆ ಅಮ್ಮಾ" ಎಂದು ಪಕ್ಕಕ್ಕೆ ಬಂದು ನಿಂತ. ಅವನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.